ಎರಡೇ ಸಲ ಓಡಿಸಿದ್ದು, ಹೊಸದರ ಹಾಗಿದೆ

ಹಳೇ ಸಾಮಾನು ಮಾರುವವರ ಜಾಹೀರಾತು ಓದೋದು ನನ್ನದೊಂದು ಚಟ. ಕೊಳ್ಳೋಕಲ್ಲ, ಸುಮ್ನೆ. ಟ್ರೆಡ್‌ಮಿಲ್ಲು, ದುಬಾರಿ ಕ್ಯಾಮೆರಾ, ಗಿಟಾರು, ಗೇರ್ ಸೈಕಲ್ಲು, ಬ್ರೆಡ್ ಮಾಡುವ ಯಂತ್ರ. ಎಷ್ಟು ಜನರ ಹೊಸವರ್ಷದ ಸಂಕಲ್ಪಗಳು ಹೀಗೆ ಅರ್ಧ ಬೆಲೆಗೆ ಬಿಕರಿಗಿವೆ ಅಂತ ನೋಡ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಎಲ್ಲದರ ಕೆಳಗೂ ಒಂದೇ ಸಾಲು: ‘ಎರಡೇ ಸಲ ಬಳಸಿದ್ದು, ಹೊಸದರ ಹಾಗಿದೆ.’ ಈಚೆಗೆ ಆ ಪಟ್ಟಿಗೆ ಇನ್ನೊಂದು ಸೇರಿದೆ. ಪೆಟ್ರೋಲ್ ಎಂಜಿನ್ನಿನ ರಿಮೋಟ್ ಕಂಟ್ರೋಲ್ ಬೋಟು. ನಮ್ಮ ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಈ ವರ್ಷ ಐದು ನೋಡಿದೆ. ಐದೂ ಎರಡೆರಡೇ ಸಲ ಓಡಿದವಂತೆ!

ಕೊಳ್ಳುವವರು ಈ ಸಾಲನ್ನ ಹೊಗಳಿಕೆ ಅಂತ ಓದ್ತಾರೆ. ನಾನು ಅದನ್ನ ತಪ್ಪೊಪ್ಪಿಗೆ ಅಂತ ಓದ್ತೀನಿ. ಎರಡು ಸಲ ಓಡಿ ಎರಡು ವರ್ಷ ಬಾಲ್ಕನಿಯಲ್ಲಿ ಕೂತ ಎಂಜಿನ್ನಿಗಿಂತ, ವಾರ ವಾರ ಓಡಿ ವಾರ ವಾರ ಒರೆಸಿಕೊಂಡ ಎಂಜಿನ್ನು ನೂರು ಪಾಲು ವಾಸಿ. ನಿಂಗೆ ಹೇಗೆ ಗೊತ್ತು ಅಂತೀರಾ? ಅಂಥ ಜಾಹೀರಾತು ನಾನೂ ಒಂದು ಬರೆದಿದ್ದೆ. ಆರು ಸಲ ಓಡಿಸಿ ‘ಎರಡೇ ಸಲ’ ಅಂತ ಬರೆದಿದ್ದೆ. ಅದನ್ನ ಯಾಕೆ ಹಾಕಲಿಲ್ಲ ಅನ್ನೋದನ್ನ ಆಮೇಲೆ ಹೇಳ್ತೀನಿ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಅಂಗಡಿಯವರೂ ಯೂಟ್ಯೂಬಿನವರೂ ಇದನ್ನ ‘ಗ್ಯಾಸ್ ಬೋಟ್’ ಅಂತಾರೆ. ಫೋನಿನಲ್ಲಿ ಅಮ್ಮನಿಗೆ ಹಾಗೇ ಹೇಳಿದಾಗ ಅವಳು ಗಾಬರಿಯಾಗಿ, ಸಿಲಿಂಡರ್ ಎಲ್ಲಿ ಇಡ್ತಾರೋ ಅಂತ ಕೇಳಿದ್ದಳು. ಅಮೆರಿಕದವರಿಗೆ ಪೆಟ್ರೋಲೇ ಗ್ಯಾಸು, ಅಷ್ಟೇ. ಇದರ ಪಕ್ಕದ ಮನೆಯವನು ನೈಟ್ರೋ ಎಂಜಿನ್ನು. ಅದು ಕುಡಿಯೋದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಸೇರಿಸಿದ ದುಬಾರಿ ಇಂಧನ. ಪೆಟ್ರೋಲ್ ಬೋಟಿಗೆ ಆ ಕೊರಗಿಲ್ಲ. ಬಂಕಿನ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡಿದರಾಯ್ತು. ಈ ಲೋಕದಲ್ಲಿ ಹೆಚ್ಚು ಕೇಳಿಬರುವ ಹೆಸರು ಜಪಾನಿನ ಜೆನೋವಾ. ಅದರ ಜಿ260 ಎಂಬ ಎಂಜಿನ್ನು 25.4 ಸಿಸಿಯದು. ನಮ್ಮ ಆರ್‌ಎಕ್ಸ್ 100 ಬೈಕಿನ ಎಂಜಿನ್ನಿನ ಕಾಲು ಭಾಗ ಅಂದ್ಕೊಳ್ಳಿ. ಆದರೆ ಅದು ಹೊತ್ತೊಯ್ಯಬೇಕಾದ್ದು ನಾಲ್ಕಡಿ ಉದ್ದದ, ಎಂಟು ಕಿಲೋ ತೂಕದ ಬೋಟನ್ನ ಮಾತ್ರ. ಗಂಟೆಗೆ 60 ಕಿಲೋಮೀಟರು ಅದಕ್ಕೆ ಸಲೀಸು.

ಎಂಟು ಕಿಲೋ, 60 ಕಿಲೋಮೀಟರ್ ವೇಗ, ಹಿಂದೆ ಅಲಗಿನ ಹಾಗೆ ಸಾಣೆ ಹಿಡಿದ ಲೋಹದ ಪ್ರೊಪೆಲ್ಲರು. ಇದನ್ನ ಆಟಿಕೆ ಅಂತ ಕರೀತೀವಲ್ಲ, ನಮ್ಮ ತಪ್ಪು ಅಲ್ಲಿಂದಲೇ ಶುರು.

ನಮ್ಮ ಅಪಾರ್ಟ್‌ಮೆಂಟುಗಳ ಭಾಷೆಯಲ್ಲಿ ‘ಮೇಂಟೆನೆನ್ಸ್’ ಅಂದ್ರೇನು ಹೇಳಿ? ತಿಂಗಳ ಐದನೇ ತಾರೀಖಿನೊಳಗೆ ಕಟ್ಟಬೇಕಾದ ದುಡ್ಡು. ‘ಮೇಂಟೆನೆನ್ಸ್ ಕಟ್ಟಿದ್ರಾ?’ ‘ಕಟ್ಟಿದೆ.’ ಮುಗೀತು. ಯಾರೋ ಲಿಫ್ಟಿಗೆ ಎಣ್ಣೆ ಬಿಡ್ತಾರೆ, ಯಾರೋ ಸಂಪಿಗಿಳಿದು ತೊಳೀತಾರೆ, ಯಾರೋ ಜನರೇಟರಿನ ಪಕ್ಕ ಬೆವರು ಸುರಿಸ್ತಾರೆ. ಅವರ ಮುಖ ನಾವು ನೋಡಿರೋದಿಲ್ಲ. ಕಾರಿಗೆ ಸರ್ವಿಸ್ ಸೆಂಟರು, ಎಸಿಗೆ ವರ್ಷದ ಕಾಂಟ್ರಾಕ್ಟು, ನಲ್ಲಿ ಸೋರಿದರೆ ಆ್ಯಪಿನಲ್ಲಿ ಪ್ಲಂಬರು. ಹದಿನೈದು ವರ್ಷ ಹೀಗೆ ಬದುಕಿದವನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತೆ. ವಸ್ತು ಕೊಳ್ಳೋದು ನನ್ನ ಕೆಲಸ, ಅದನ್ನ ಸುಸ್ಥಿತಿಯಲ್ಲಿ ಇಡೋದು ಬೇರೆ ಯಾರದೋ ಕೆಲಸ. ಇದೇ ನಂಬಿಕೆ ಹೊತ್ತು ನಾನು ಬೋಟು ಕೊಳ್ಳೋಕೆ ಹೋದೆ.

ಎಲ್ಲಾ ಸೇರಿ ಲಕ್ಷ ದಾಟಿತು. ಮಾರಿದವರು ಬ್ಯಾಟರಿ ಹೇಗೆ ಹಾಕೋದು, ಸ್ಟಿಕ್ಕರ್ ಎಲ್ಲಿ ಅಂಟಿಸೋದು ಅಂತ ಚೆನ್ನಾಗಿ ತೋರಿಸಿದರು. ಮ್ಯಾನ್ಯುಯಲ್ ಡಬ್ಬದ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಾಗೇ ಉಳಿಯಿತು. ದಿನವಿಡೀ ಬೇರೆಯವರಿಗೆ ‘ಡಾಕ್ಯುಮೆಂಟೇಶನ್ ಓದಿ’ ಅಂತ ಉತ್ತರ ಬರೆಯೋ ಮನುಷ್ಯ ನಾನು! ಎರಡು ಸಲ ಸ್ಟಾರ್ಟೇ ಆಗಲಿಲ್ಲ. ಮೂರು ಸಲ ಚೆನ್ನಾಗಿ ಓಡಿತು. ಬೋಟಿನ ಹಿಂದೆ ನೀರು ಕೋಳಿಯ ಬಾಲದ ಹಾಗೆ ಎದ್ದು ಬಿಸಿಲಿಗೆ ಹೊಳೆಯುತ್ತಲ್ಲ, ಅದನ್ನ ನೋಡಿದವನಿಗೆ ಬೇರೆ ಏನೂ ಬೇಕು ಅನ್ನಿಸಲ್ಲ. ವಿಡಿಯೋ ಹಾಕಿದೆ, ನೂರಾರು ಲೈಕು ಬಂತು. ಮನೆಗೆ ಬಂದು ಬೋಟನ್ನ ಹಾಗೇ ಬಾಲ್ಕನಿಗೆ ತಳ್ಳಿದೆ. ಟ್ಯಾಂಕಿನಲ್ಲಿ ಪೆಟ್ರೋಲು, ಶಾಫ್ಟಿನ ಕೊಳವೆಯಲ್ಲಿ ನೀರು, ತಳದಲ್ಲಿ ಕೆಸರು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಮೂರು ಮೂರು ತಿಂಗಳ ಅಂತರ.

ಆರನೇ ಸಲ ಹೋಗಿದ್ದು ಮಾಗಡಿ ಕಡೆಯ ಒಂದು ಕೆರೆಗೆ. ಭಾನುವಾರ ಬೆಳಿಗ್ಗೆ ಎಂಟೂವರೆ. ಆಚೆ ದಡದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೀತಿದ್ದಳು, ಪಕ್ಕದಲ್ಲಿ ಆರೇಳು ವರ್ಷದ ಹುಡುಗ. ದೂರ ಇದಾರೆ ಬಿಡು ಅಂದ್ಕೊಂಡೆ. ಎರಡು ಸುತ್ತು ಆಯಿತು. ಮೂರನೇ ಸಲ ಫುಲ್ ಥ್ರಾಟಲಿನಲ್ಲಿ ನೆಟ್ಟಗೆ ಹೋದ ಬೋಟು ತಿರುಗಲೇ ಇಲ್ಲ. ಸ್ಟೀರಿಂಗ್ ತಿರುವಿದೆ, ಥ್ರಾಟಲ್ ಬಿಟ್ಟೆ, ಬ್ರೇಕ್ ಕಡೆ ಒತ್ತಿದೆ. ಏನೂ ಇಲ್ಲ. ಅದು ಆ ಹೆಂಗಸಿನ ಕಡೆಗೇ ಹೋಗ್ತಿತ್ತು. ನಾನು ಕೂಗಿದ್ದು ಎಂಜಿನ್ನಿನ ಸದ್ದಿಗೆ ಅವಳಿಗೆ ಕೇಳಿಸಿರಲಾರದು.

ಅವಳಿಂದ ಹತ್ತಡಿ ಆಚೆ ಕಲ್ಲಿಗೆ ಗುದ್ದಿ, ಚಿಮ್ಮಿ ದಡದ ಮೇಲೆ ಮಗುಚಿಕೊಂಡಿತು. ಎಂಜಿನ್ನು ನಿಲ್ಲಲಿಲ್ಲ. ನೀರಿನ ಭಾರ ತಪ್ಪಿದ ಪ್ರೊಪೆಲ್ಲರು ಗಾಳಿಯಲ್ಲಿ ಕಿರುಚುತ್ತಾ ತಿರುಗ್ತಾ ಇತ್ತು. ಏರಿ ಸುತ್ತಿಕೊಂಡು ಅಲ್ಲಿಗೆ ಓಡೋಕೆ ನನಗೆ ಮೂರು ನಿಮಿಷ ಬೇಕಾಯ್ತು. ಆ ಮೂರು ನಿಮಿಷದಲ್ಲಿ ನಾನು ಕಂಡದ್ದು ಒಂದೇ: ಆ ಹುಡುಗ ಬೋಟಿನ ಹತ್ತಿರ ಬಗ್ಗಿ ಕೈ ಚಾಚಿದ್ದು, ಅವಳು ಒದ್ದೆ ಬಟ್ಟೆ ಬಿಸಾಕಿ ಅವನ ರಟ್ಟೆ ಹಿಡಿದು ಎಳೆದದ್ದು. ನಾನು ಮುಟ್ಟೋ ಹೊತ್ತಿಗೆ ಎಂಜಿನ್ನು ತಾನೇ ಕಾದು ಬಿಗಿದುಕೊಂಡು ನಿಂತಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನಿಲ್ಸಕ್ಕೆ ಬರಲ್ವೇನಪ್ಪಾ ನಿಂಗೆ?’ ಅಂತ ಕೇಳಿದಳು. ನಾನು ಸುಮ್ಮನಿದ್ದೆ. ‘ಬರ್ದಿದ್ ಮೇಲೆ ಯಾಕಪ್ಪಾ ಬಿಟ್ಟೆ?’

ಆದದ್ದು ಏನು ಅಂತ ಈಗ ಗೊತ್ತು. ರಿಸೀವರಿನ ಆಂಟೆನಾ ವೈರನ್ನ ಅಂದ ಕೆಡಬಾರದು ಅಂತ ನಾನು ತಳಕ್ಕೆ ತುರುಕಿದ್ದೆ, ನೀರಿನ ಮಟ್ಟಕ್ಕಿಂತ ಕೆಳಗೆ. 2.4 ಗಿಗಾಹರ್ಟ್ಸ್ ಸಿಗ್ನಲು ನೀರು ದಾಟಿ ಹೋಗಲ್ಲ. ಬೋಟು ದೂರ ಹೋಯ್ತು, ಸಂಪರ್ಕ ತಪ್ಪಿತು. ಸಂಪರ್ಕ ತಪ್ಪಿದ ಕ್ಷಣ ಥ್ರಾಟಲ್ ಇಳಿಸಬೇಕು ಅಂತ ರಿಸೀವರಿಗೆ ಮೊದಲೇ ಹೇಳಿಡೋದಕ್ಕೆ ಫೇಲ್‌ಸೇಫ್ ಅಂತಾರೆ. ನಾನು ಹೇಳಿಟ್ಟಿರಲಿಲ್ಲ. ನನ್ನ ರಿಸೀವರು ಕೊನೇ ಆಜ್ಞೆಯನ್ನೇ ಹಿಡಿದು ಕೂತಿತು, ಆ ಆಜ್ಞೆ ಫುಲ್ ಥ್ರಾಟಲ್ ಆಗಿತ್ತು. ಗುದ್ದಿದ ಏಟಿಗೆ ರಿಸೀವರಿನ ಬ್ಯಾಟರಿ ವೈರೂ ಕಳಚಿ, ಥ್ರಾಟಲ್ ಸರ್ವೋ ಇದ್ದ ಜಾಗದಲ್ಲೇ ನಿಂತುಬಿಟ್ಟಿತು. ಎಂಜಿನ್ನಿನ ಇಗ್ನಿಷನ್ ಕಡಿಯುವ ಕಿಲ್ ಸ್ವಿಚ್ಚು ಅಂತ ಒಂದು ಸಣ್ಣ ಸಾಮಾನಿದೆ. ಲಕ್ಷದ ಬೋಟಿಗೆ ಅದು ದಂಡ ಅಂತ ಅನ್ನಿಸಿತ್ತು ನನಗೆ. ಮ್ಯಾನ್ಯುಯಲ್ಲಿನಲ್ಲಿ ಫೇಲ್‌ಸೇಫಿಗೆ ಅರ್ಧ ಪುಟ ಇದೆ. ಹೊಂದಿಸೋಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ನಾನು ಕೊಟ್ಟಿರಲಿಲ್ಲ, ಅಷ್ಟೇ ವಿಷಯ.

ಗೆಳೆಯರಿಗೆ ಹೇಳಿದೆ. ‘ಬ್ಯಾಡ್ ಲಕ್ ಮಗಾ’ ಅಂದರು. ಯಾವ ಲಕ್ಕು? ಬೆಂಗಳೂರಿನ ಅಂಗಡಿಯೊಂದಕ್ಕೆ ಒಯ್ದೆ. ಬಿಚ್ಚಿಯೂ ನೋಡದೆ, ಹೊಸ ಎಂಜಿನ್ನೇ ಹಾಕ್ಬೇಕು, ಮೂವತ್ತೈದು ಸಾವಿರ ಅಂದರು. ಆವತ್ತು ರಾತ್ರಿ ಕೂತು ಆ ಜಾಹೀರಾತು ಬರೆದೆ. ಮುರಿದ ಮೂತಿ ಕಾಣದ ಹಾಗೆ ಫೋಟೋ ತೆಗೆದೆ. ‘ಎರಡೇ ಸಲ ಓಡಿಸಿದ್ದು, ಹೊಸದರ ಹಾಗಿದೆ. ಎಂಜಿನ್ನಿಗೆ ಸಣ್ಣ ಟ್ಯೂನಿಂಗ್ ಬೇಕು.’ ಪೋಸ್ಟ್ ಬಟನ್ ಒತ್ತೋಕೆ ಮುಂಚೆ ಇದನ್ನ ಕೊಳ್ಳುವವನು ಯಾರು ಅಂತ ಯೋಚನೆ ಬಂತು. ನನ್ನಂಥವನೇ ಒಬ್ಬ. ಅವನೂ ಮ್ಯಾನ್ಯುಯಲ್ ಓದಲ್ಲ. ಅದೇ ಆಂಟೆನಾ, ಅದೇ ಫೇಲ್‌ಸೇಫು, ಇನ್ನೊಂದು ಕೆರೆ, ಇನ್ನೊಬ್ಬ ಹುಡುಗ. ಡ್ರಾಫ್ಟಿನಲ್ಲೇ ಬಿಟ್ಟು ಮಲಗಿದೆ. ಒಳ್ಳೇತನದಿಂದ ಅಂತ ತಿಳೀಬೇಡಿ, ಹೆದರಿಕೆಯಿಂದ.

ದೀಪಾವಳಿಗೆ ಊರಿಗೆ ಹೋಗುವಾಗ ಬೋಟನ್ನ ಡಿಕ್ಕಿಯಲ್ಲಿ ಹಾಕ್ಕೊಂಡೆ. ಊರು ಸಾಗರದ ಹತ್ತಿರ. ಜಗಲಿಯಲ್ಲಿಟ್ಟಾಗ ಚಿಕ್ಕಪ್ಪ ಕವಳ ಜಗಿಯೋದನ್ನ ನಿಲ್ಲಿಸಿ ಮುಚ್ಚಳ ತೆಗೆದು ಒಳಗೆ ಇಣುಕಿದರು. ‘ಎಂಥಾ ಮಾರಾಯ, ಇದು ನಮ್ಮ ವೀಡ್ ಕಟರಿನ ಎಂಜಿನ್ನೇ ಅಲ್ವನಾ?’ ಅಂದರು.

ನಗಬೇಡಿ, ಅವರು ಹೇಳಿದ್ದು ಅಕ್ಷರಶಃ ನಿಜ. ಅಡಿಕೆ ತೋಟದಲ್ಲಿ ಕಳೆ ಸವರೋಕೆ ಹೆಗಲಿಗೆ ನೇತುಹಾಕಿಕೊಳ್ಳೋ ಯಂತ್ರ ಇದೆಯಲ್ಲ, ಮಲೆನಾಡಿನಲ್ಲಿ ಈಗ ಮನೆಗೊಂದು, ಬೋಟಿನ ಎಂಜಿನ್ನು ಅದರ ಒಡಹುಟ್ಟಿದ್ದು. ಜೆನೋವಾ ಕಂಪನಿಯೇ ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ ಮಾಡುವ ಮನೆತನದ್ದು. ಬೋಟಿಗೆ ಬೇಕು ಅಂತ ಸಿಲಿಂಡರಿನ ಸುತ್ತ ನೀರು ಹರಿಯೋ ಕವಚ ಕೂರಿಸಿರ್ತಾರೆ. ಮಿಕ್ಕ ಹೊಟ್ಟೆ, ಕರುಳು ಎಲ್ಲ ಅದೇ. ಕಾರ್ಬುರೇಟರಂತೂ ಥೇಟ್ ಅದೇ ಜಾತಿ.

ಈ ಕಾರ್ಬುರೇಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ‘ನನ್ನ ಬೋಟು ಸ್ಟಾರ್ಟ್ ಆಗಲ್ಲ’ ಅನ್ನೋ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟೋದು. ಬೈಕಿನ ಹಳೇ ಕಾರ್ಬುರೇಟರಿನಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟು ಇರುತ್ತೆ. ಗರಗಸವನ್ನ ಅಡ್ಡ, ಉದ್ದ, ತಲೆಕೆಳಗೆ ಹಿಡೀಬೇಕಾಗುತ್ತಲ್ಲ, ಬಟ್ಟಲಿದ್ದರೆ ಚೆಲ್ಲಿಹೋಗುತ್ತೆ. ಅದಕ್ಕೇ ಇದರಲ್ಲಿ ಬಟ್ಟಲಿನ ಬದಲು ಡಯಾಫ್ರಮ್ ಎಂಬ ತೆಳ್ಳನೆಯ ಪೊರೆಗಳಿವೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುತ್ತೆ, ಆ ಏರಿಳಿತಕ್ಕೆ ಒಂದು ಪೊರೆ ಮಿಡಿದು ಪೆಟ್ರೋಲನ್ನ ಎಳೆಯುತ್ತೆ. ಇನ್ನೊಂದು ಪೊರೆ ಎಷ್ಟು ಬೇಕೋ ಅಷ್ಟನ್ನ ಒಳಗೆ ಬಿಡುತ್ತೆ. ಪೊರೆ ಮೆತ್ತಗಿರೋ ತನಕ ಎಲ್ಲ ಸರಿ. ಮೂರು ತಿಂಗಳು ಪೆಟ್ರೋಲಿನಲ್ಲಿ ನೆನೆದು, ಒಣಗಿ, ಅಂಟಿಕೊಂಡು, ಗಟ್ಟಿಯಾದರೆ ಮಿಡಿತ ಕಮ್ಮಿ, ಪೆಟ್ರೋಲ್ ಕಮ್ಮಿ. ಎಣ್ಣೆ ಇರೋದು ಪೆಟ್ರೋಲಿನಲ್ಲೇ ತಾನೆ? ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಬಿಸಿ ಜಾಸ್ತಿ. ಮೋಸ ಏನು ಗೊತ್ತಾ? ಹೀಗೆ ಹಸಿದ ಎಂಜಿನ್ನು ಸಾಯೋಕೆ ಮುಂಚೆ ಬಹಳ ಚೆನ್ನಾಗಿ ಓಡುತ್ತೆ. ಸದ್ದು ತೀಕ್ಷ್ಣ, ವೇಗ ಜಾಸ್ತಿ. ‘ಇವತ್ತು ಸಖತ್ತಾಗಿ ಓಡ್ತಿದೆ’ ಅಂತ ನಾವು ವಿಡಿಯೋ ತೆಗೀತಿರ್ತೀವಿ.

ಇದರ ಮೇಲೆ ಎಥೆನಾಲ್ ಬೇರೆ. 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ, ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನ ಪ್ರಧಾನಿಯವರು ಬಿಡುಗಡೆ ಮಾಡಿದರು. ಅದರ ರಾಜಕೀಯ ನನಗಿಲ್ಲಿ ಬೇಡ, ಕಬ್ಬು ಬೆಳೆಯೋರೂ ಬದುಕಬೇಕು. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತೆ. ದಿನಾ ಓಡೋ ಬೈಕಿನಲ್ಲಿ ಅದು ಸುಟ್ಟುಹೋಗುತ್ತೆ. ಬಾಲ್ಕನಿಯಲ್ಲಿ ಮೂರು ತಿಂಗಳು ಕೂರೋ ಬೋಟಿನ ಟ್ಯಾಂಕಿನಲ್ಲಿ ಕೂತು ಒಳಗಿನ ಲೋಹ, ರಬ್ಬರ್ ಎಲ್ಲವನ್ನೂ ತಿನ್ನುತ್ತೆ. ‘ಪೆಟ್ರೋಲೇ ಕಲಬೆರಕೆ ಗುರು’ ಅಂತ ಬಂಕಿನವರನ್ನ ಬೈಯೋದು ಸುಲಭ. ಓಡಿಸಿದ ದಿನವೇ ಟ್ಯಾಂಕ್ ಖಾಲಿ ಮಾಡೋದು ಅದಕ್ಕಿಂತ ಸುಲಭ, ಐದು ನಿಮಿಷದ ಕೆಲಸ.

ಚಿಕ್ಕಪ್ಪ ನನ್ನನ್ನ ಸಾಗರದ ಪೇಟೆಯ ಒಂದು ರಿಪೇರಿ ಅಂಗಡಿಗೆ ಕರಕೊಂಡು ಹೋದರು. ಹತ್ತಡಿಗೆ ಹತ್ತಡಿ ಜಾಗ, ಗೋಡೆ ತುಂಬ ನೇತುಹಾಕಿದ ವೀಡ್ ಕಟರು, ಔಷಧಿ ಹೊಡೆಯೋ ಪಂಪು. ಅಂಗಡಿಯವರು ಬೋಟನ್ನ ನೋಡಿ ಬೆರಗಾಗಲಿಲ್ಲ. ಕಾರ್ಬುರೇಟರ್ ಬಿಚ್ಚಿ ಪೊರೆ ತೆಗೆದು ನನ್ನ ಅಂಗೈಗೆ ಹಾಕಿದರು, ಹಪ್ಪಳದ ಹಾಗೆ ಬಿರುಸಾಗಿತ್ತು. ಡ್ರಾಯರಿನಿಂದ ವೀಡ್ ಕಟರಿನ ಕಿಟ್ ತೆಗೆದು ಹೊಸ ಪೊರೆಯನ್ನ ಹಳೆಯದರ ಮೇಲೆ ಇಟ್ಟು ಬೆಳಕಿಗೆ ಹಿಡಿದರು. ತೂತಿಗೆ ತೂತು ಕೂತಿತು.

‘ಎಣ್ಣೆ ಎಷ್ಟು ಹಾಕ್ತೀರಿ?’ ಅಂತ ಕೇಳಿದರು.

‘ಹೀಗೇ... ಒಂದು ಅಂದಾಜಿಗೆ.’

‘ಅಂದಾಜು ಅಂದ್ರೆ ಎಷ್ಟು ಎಂ.ಎಲ್.?’

ಚಿಕ್ಕಪ್ಪ ಆಚೆ ಮುಖ ಮಾಡಿ ನಕ್ಕರು. ಅಂಗಡಿಯವರು ಮೇಜಿನ ಕೆಳಗಿಂದ ಮಕ್ಕಳಿಗೆ ಹಾಲು ಕುಡಿಸೋ ಬಾಟಲಿ ತೆಗೆದರು, ಅಳತೆಯ ಗೆರೆ ಇರೋದು. ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಎಣ್ಣೆ, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು. ಕಡಿಮೆ ಹಾಕಿದರೆ ಹೊಗೆ ಕಮ್ಮಿ, ಆಯುಸ್ಸೂ ಕಮ್ಮಿ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಬಿದ್ದಿತ್ತು. ಸಣ್ಣ ಎಮರಿ ಕಾಗದ ಹಿಡಿದು ಅರ್ಧ ಗಂಟೆ ಉಜ್ಜಿದರು, ಸಿಲಿಂಡರ್ ಉಳಿದಿದೆ, ರಿಂಗ್ ಮಾತ್ರ ಬೇರೆ ತರಿಸ್ಕೊಳ್ಳಿ ಅಂದರು. ಕಿಟ್ಟಿಗೆ ನೂರೆಂಬತ್ತು, ಕೂಲಿ ಮುನ್ನೂರು. ಮೂವತ್ತೈದು ಸಾವಿರದ ಮಾತು ಕಿವಿಯಲ್ಲಿ ಇನ್ನೂ ಗುಂಯ್‌ಗುಡ್ತಿತ್ತು. ಬಾಟಲಿಯನ್ನೂ ಕೊಟ್ಟು ಕಳಿಸಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಈ ನಾಡಿನಲ್ಲಿ ಟೂ ಸ್ಟ್ರೋಕ್ ಬಲ್ಲವರಿಗೆ ಬರ ಇಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರ ತನಕ ಜಾವಾ, ಯೆಜ್ಡಿ ಮಾಡಿ ಇಡೀ ದೇಶಕ್ಕೆ ಕೊಟ್ಟವರು ನಾವು. ಒಂದು ತಲೆಮಾರಿನ ಮೆಕ್ಯಾನಿಕ್ಕುಗಳು ಸದ್ದು ಕೇಳಿಯೇ ಎಂಜಿನ್ನಿನ ಹಸಿವು ಹೇಳ್ತಿದ್ದರು. ಅಂಥವರನ್ನ ಬಿಟ್ಟು ನಾವು ವಿದೇಶದವನ ವಿಡಿಯೋದ ಕೆಳಗೆ ‘ಬ್ರೋ, ಮೈ ಎಂಜಿನ್ ನಾಟ್ ಸ್ಟಾರ್ಟಿಂಗ್’ ಅಂತ ಬರೆದು ಉತ್ತರಕ್ಕೆ ಕಾಯ್ತೀವಿ. ಕೈಗೆ ಗ್ರೀಸ್ ಅಂಟಿದವರ ಹತ್ತಿರ ಹೋಗಿ ‘ನಂಗೆ ಗೊತ್ತಿಲ್ಲ, ಹೇಳ್ಕೊಡಿ’ ಅನ್ನೋಕೆ ನಮಗೆ ನಾಚಿಕೆ. ಇದು ತಿಳಿವಳಿಕೆಯ ಕೊರತೆ ಅಂತ ನನಗನ್ನಿಸಲ್ಲ. ಜಂಬ.

ಆವತ್ತು ಸಂಜೆ ಚಿಕ್ಕಪ್ಪ ಅವರ ವೀಡ್ ಕಟರನ್ನ ಒರೆಸ್ತಿದ್ದರು. ಪೆಟ್ರೋಲ್ ಬಗ್ಗಿಸಿ, ಇದ್ದಷ್ಟು ಉರಿದು ತಾನಾಗಿ ನಿಲ್ಲೋ ತನಕ ಓಡಿಸಿ, ಗೇರಿನ ತಲೆಗೆ ಗ್ರೀಸ್ ತುಂಬಿ, ಗೋಡೆಯ ಗೂಟಕ್ಕೆ ನೇತುಹಾಕಿದರು. ‘ದಿನಾ ಮಾಡ್ತೀರಾ ಚಿಕ್ಕಪ್ಪ ಇದನ್ನ?’ ಅಂದೆ. ‘ಬೆಳಿಗ್ಗೆ ಆಳು ಬಂದು ನಿಂತಾಗ ಇದು ಸ್ಟಾರ್ಟ್ ಆಗ್ದೇ ಇದ್ರೆ ಆವತ್ತಿನ ಕೂಲಿ ನೀ ಕೊಡ್ತೀಯನಾ?’ ಅಂದರು. ಅವರದು ಹೊಟ್ಟೆಪಾಡು, ನಮ್ಮದು ಶೋಕಿ, ಹೋಲಿಕೆ ಸರಿಯಲ್ಲ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದ್ಕೊಂಡೆ. ಆಮೇಲೆ ಕೆರೆಯ ದಡದ ಆ ಹುಡುಗನ ಕೈ ನೆನಪಾಯ್ತು.

ಈಗ ನಾನು ಮಾಡೋದು ಇಷ್ಟು. ಓಡಿಸಿ ಬಂದ ಸಂಜೆ ಟ್ಯಾಂಕ್ ಖಾಲಿ ಮಾಡ್ತೀನಿ, ಮಿಕ್ಕ ತೊಟ್ಟು ಪೆಟ್ರೋಲ್ ಮುಗಿಯೋ ತನಕ ಎಂಜಿನ್ನನ್ನ ನಿಧಾನಕ್ಕೆ ಕೆಲವೇ ಸೆಕೆಂಡು ಓಡಿಸ್ತೀನಿ, ಅದಕ್ಕಿಂತ ಜಾಸ್ತಿ ನೀರಿಲ್ಲದೆ ಓಡಿಸೋ ಹಾಗಿಲ್ಲ. ಪ್ಲಗ್ ಬಿಚ್ಚಿ ನಾಲ್ಕು ಹನಿ ಎಣ್ಣೆ ಬಿಟ್ಟು ಹಗ್ಗ ಎರಡು ಸಲ ಮೆಲ್ಲಗೆ ಎಳೀತೀನಿ. ಆಮೇಲೆ ಫ್ಲೆಕ್ಸ್ ಶಾಫ್ಟು. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಶಕ್ತಿ ಒಯ್ಯೋದು ತಂತಿ ಹೆಣೆದ ಬಳುಕುವ ಹಗ್ಗದಂಥ ಒಂದು ಶಾಫ್ಟು. ಅದನ್ನ ಕೊಳವೆಯಿಂದ ಪೂರ್ತಿ ಹೊರಗೆಳೆದು, ಒರೆಸಿ, ನೀರಿಗೆ ಕರಗದ ಗ್ರೀಸ್ ಹಚ್ಚಿ ಮತ್ತೆ ತೂರಿಸಬೇಕು. ತೂರಿಸುವಾಗ ಪ್ರೊಪೆಲ್ಲರಿನ ಮುಂದೆ ನಾಲ್ಕೈದು ಮಿಲಿಮೀಟರ್ ಸಂದು ಬಿಡಬೇಕು, ಯಾಕಂದ್ರೆ ಭಾರ ಬಿದ್ದಾಗ ಆ ತಂತಿ ಹುರಿಗೊಂಡು ಗಿಡ್ಡವಾಗುತ್ತೆ. ಸಂದು ಇಲ್ಲದಿದ್ದರೆ ತಾನೇ ಉಜ್ಜಿಕೊಂಡು ಹಾಳಾಗುತ್ತೆ. ಮೊದಮೊದಲು ಈ ಕೆಲಸಕ್ಕೆ ಒಂದು ಗಂಟೆ ಹಿಡೀತಿತ್ತು, ಈಗ ಮುಕ್ಕಾಲು ಗಂಟೆ. ಹೆಂಡತಿಗೆ ಗ್ರೀಸಿನ ವಾಸನೆ ಆಗಲ್ಲ, ಅದಕ್ಕೆ ನನ್ನ ಹತ್ರ ಪರಿಹಾರ ಇಲ್ಲ.

ಓಡಿಸೋಕೆ ಮುಂಚೆ ಇನ್ನೊಂದಿಷ್ಟು. ರಿಮೋಟ್ ಆಫ್ ಮಾಡಿ ನೋಡಬೇಕು, ಥ್ರಾಟಲ್ ತಾನೇ ಇಳಿಯಿತೋ ಇಲ್ಲವೋ. ಇಳೀಲಿಲ್ಲ ಅಂದ್ರೆ ಆ ದಿನದ ಆಟ ಬಂದ್. ಕಿಲ್ ಸ್ವಿಚ್ಚು ಹಾಕಿಸಿದ್ದೀನಿ, ಆಂಟೆನಾ ಈಗ ಕೊಳವೆಯೊಳಗೆ ಮೇಲೆ ನಿಂತಿದೆ, ನೋಡೋಕೆ ಅಸಹ್ಯ. ಬೋಟಿನ ಹೊಟ್ಟೆಯಲ್ಲಿ ಈಜು ಕಲಿಯೋ ಮಕ್ಕಳ ಫೋಮ್ ಕೋಲನ್ನ ತುಂಡು ಮಾಡಿ ತುಂಬಿದ್ದೀನಿ, ಮಗುಚಿದರೂ ಮುಳುಗಬಾರದು ಅಂತ. ಓಡುವಾಗ ಪಕ್ಕದ ತೂತಿನಿಂದ ನೀರಿನ ಧಾರೆ ಬರ್ತಿರಬೇಕು. ಧಾರೆ ನಿಂತರೆ ಕಳೆ ಸಿಕ್ಕಿಕೊಂಡಿದೆ ಅಂತ ಅರ್ಥ, ತಕ್ಷಣ ದಡಕ್ಕೆ. ತಿರುಗಿಸೋದು ಯಾವಾಗಲೂ ಬಲಕ್ಕೆ. ಅಮೆರಿಕದ ನಾಂಬಾ, ಇಂಪ್‌ಬಾ ಸಂಘಗಳ ರೇಸುಗಳಲ್ಲಿ ಬೋಟುಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸುತ್ತೋದು. ಅಂಥ ಬೋಟುಗಳಿಗೆ ತಿರುವಿನಲ್ಲಿ ನೀರು ಕಚ್ಚಿ ಹಿಡಿಯೋ ರೆಕ್ಕೆ ಬಲಗಡೆಗೇ ಇರುತ್ತೆ, ನನ್ನದಕ್ಕೂ ಹಾಗೇ. ವೇಗದಲ್ಲಿ ಅಪ್ರದಕ್ಷಿಣೆ ಹಾಕಿದರೆ ಮಗುಚೋದೇ. ಅಜ್ಜಿ ಇದ್ದಿದ್ದರೆ ಖುಷಿಪಡ್ತಿದ್ದಳು.

ಇಷ್ಟೆಲ್ಲಾ ರಗಳೆ ಯಾಕೆ, ಎಲೆಕ್ಟ್ರಿಕ್ ಬೋಟು ತಗೋ ಅಂತಾರೆ. ತಗೊಳ್ಳಿ! ಅದನ್ನೇ ನಾನೂ ಹೇಳೋದು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಜನರೆದುರು ರೇಡಿಯೋದಿಂದ ಓಡಿಸಿದ ದೋಣಿಯೂ ಬ್ಯಾಟರಿಯದ್ದೇ. ಸದ್ದು ಕಮ್ಮಿ, ಹೊಗೆ ಇಲ್ಲ. ಭಾನುವಾರ ಅರ್ಧ ಗಂಟೆ ಸಂತೋಷ ಬೇಕು, ಸೋಮವಾರ ಅದರ ನೆನಪೂ ಬೇಡ ಅನ್ನೋರಿಗೆ ಅದೇ ಸರಿ, ಅದರಲ್ಲಿ ಅವಮಾನ ಏನಿಲ್ಲ. ಆದರೂ ಶಾಫ್ಟಿಗೆ ಗ್ರೀಸು ಅದಕ್ಕೂ ಬೇಕು, ಫೇಲ್‌ಸೇಫೂ ಬೇಕು, ಪ್ರೊಪೆಲ್ಲರು ಬೆರಳನ್ನ ಅಷ್ಟೇ ಚೆನ್ನಾಗಿ ಕತ್ತರಿಸುತ್ತೆ. ನನ್ನ ಜಗಳ ಇರೋದು ಪೆಟ್ರೋಲಿನ ಸದ್ದು, ವಾಸನೆ, ಗತ್ತು ಎಲ್ಲಾ ಬೇಕು, ಅದರ ಚಾಕರಿ ಮಾತ್ರ ಬೇಡ ಅನ್ನೋರ ಜೊತೆ. ‘ಒಬ್ಬ ಹುಡುಗನ್ನ ಇಟ್ಕೊಂಡ್ರೆ ಆಯ್ತಪ್ಪ, ತಿಂಗಳಿಗಿಷ್ಟು ಕೊಟ್ಟು’ ಅಂತ ಒಬ್ಬ ಸಲಹೆ ಕೊಟ್ಟ. ನೋಡಿ, ಇಲ್ಲೂ ತಿಂಗಳ ಮೇಂಟೆನೆನ್ಸು! ರಿಮೋಟ್ ಹಿಡಿದಿರೋದು ನೀನು. ಆ ಎಂಜಿನ್ನು ಯಾವಾಗ ಸುಳ್ಳು ಹೇಳ್ತಿದೆ ಅನ್ನೋದು ನಿನ್ನ ಕಿವಿಗೆ ಗೊತ್ತಾಗಬೇಕು, ಸಂಬಳದ ಹುಡುಗನ ಕಿವಿಗಲ್ಲ.

ಇನ್ನು ಊರೊಳಗಿನ ಕೆರೆಗಳು. ಇದರಲ್ಲಿ ನಾನು ಹಟಮಾರಿ. ಬೆಂಗಳೂರಿನ ಕೆರೆಯಲ್ಲಿ ಪೆಟ್ರೋಲ್ ಬೋಟು ಬಿಡಬೇಡಿ. 2017ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನ ನೋಡಿದ ಊರಿದು, ಅಂಥ ನೀರಿಗೆ ಇನ್ನು ಪೆಟ್ರೋಲ್ ಬೇರೆ ಸೇರಿಸೋದಾ? ಬದುಕಿ ಉಳಿದಿರೋ ಕೆರೆಗಳಲ್ಲಿ ಗುಳುಮುಳುಕ ಮರಿ ಮಾಡಿರುತ್ತೆ, ನೀರುಕಾಗೆ ರೆಕ್ಕೆ ಒಣಗಿಸ್ತಾ ಕೂತಿರುತ್ತೆ. ಬೆಳಿಗ್ಗೆ ವಾಕಿಂಗ್ ಬರೋರಿಗೆ ಅದೊಂದೇ ಸದ್ದಿಲ್ಲದ ಜಾಗ. ನಮ್ಮ ಹತ್ತು ನಿಮಿಷದ ಗಲಾಟೆಗೆ ಅವರೆಲ್ಲ ಯಾಕೆ ಲೆಕ್ಕ ಕೊಡಬೇಕು? ಹಾಗಾದ್ರೆ ಎಲ್ಲಿ ಓಡಿಸೋದು ಅಂದ್ರೆ, ಕಷ್ಟ ಇದೆ. ನಾನು ರಾಮನಗರದ ಕಡೆ ಕೆಲಸ ನಿಂತ ಒಂದು ಕಲ್ಲುಕ್ವಾರಿಗೆ ಹೋಗ್ತೀನಿ, ಮಾಲೀಕರ ಒಪ್ಪಿಗೆ ಕೇಳಿ, ಅಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಅಲ್ಲೂ ಒಂದು ಎಚ್ಚರ. ಬೋಟು ನಡುನೀರಿನಲ್ಲಿ ನಿಂತರೆ ಈಜಿ ತರೋಕೆ ಇಳೀಬೇಡಿ. ಕ್ವಾರಿಯ ನೀರು ಮೆಟ್ಟಿಲಿಲ್ಲದ ಬಾವಿ. ಮೀನಿನ ಗಾಳದ ಕೋಲಿಗೆ ಟೆನಿಸ್ ಬಾಲು ಕಟ್ಟಿ ಬೋಟಿನಾಚೆ ಎಸೆದು ದಾರದಿಂದ ಮೆಲ್ಲಗೆ ಎಳ್ಕೊಳ್ಳಿ. ಅದೂ ಆಗಲಿಲ್ಲ ಅಂದ್ರೆ ಗಾಳಿ ತಂದು ದಡಕ್ಕೆ ಹಾಕೋ ತನಕ ಕೂತಿರಿ. ಒಂದು ಸಲ ನಾನು ಮೂರು ಗಂಟೆ ಕೂತಿದ್ದೆ, ತಂದಿದ್ದ ಚಿತ್ರಾನ್ನ ಎಲ್ಲಾ ಖಾಲಿ.

ಮಾಗಡಿ ಕಡೆಯ ಆ ಕೆರೆಗೆ ಮತ್ತೆ ಹೋಗಿಲ್ಲ. ಬೋಟಿಲ್ಲದೆ ಒಮ್ಮೆ ಹೋಗಿ ಆ ಹೆಂಗಸನ್ನ ಕಾಣಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಕಂಡು ಏನು ಹೇಳೋದು ಅಂತ ತಿಳಿಯದೆ ಹಾಗೇ ಉಳಿದಿದೆ.

ಆಫೀಸಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ನನ್ನ ವಿಡಿಯೋ ನೋಡಿ ಬೆನ್ನು ಬಿದ್ದಿದ್ದ. ‘ಸಾರ್, ನಾನೂ ತಗೋಬೇಕು, ಯಾವ ಮಾಡೆಲ್ ಹೇಳಿ.’ ಮಾಡೆಲ್ ಆಮೇಲೆ, ಭಾನುವಾರ ಬೆಳಿಗ್ಗೆ ಬರಬೇಡ, ಸಂಜೆ ಬಾ ಅಂದೆ. ಬಂದ. ಬಿಳೀ ಶರ್ಟು ಹಾಕ್ಕೊಂಡು ಬಂದಿದ್ದ, ಪಾಪ. ಶಾಫ್ಟ್ ಹೊರಗೆಳೆದು ಅವನ ಕೈಗೆ ಕೊಟ್ಟೆ, ಅದು ಬಳುಕಿ ಗ್ರೀಸೆಲ್ಲ ಅಂಗಿಗೆ ಬಡೀತು. ಒರೆಸ್ಕೊಳ್ತಾ ಕೇಳಿದ, ‘ಸಾರ್, ಇದನ್ನ ಪ್ರತೀ ಸಲಾನೂ ಮಾಡ್ಬೇಕಾ?’

‘ಪ್ರತೀ ಸಲ.’

ಸ್ವಲ್ಪ ಹೊತ್ತು ಸುಮ್ಮನೆ ಕೂತು ಕಾಫಿ ಕುಡಿದು ಹೋದ. ಹದಿನೈದು ದಿನದ ಮೇಲೆ ಒಂದು ಗಿಟಾರು ಕೊಂಡನಂತೆ, ಸೆಕೆಂಡ್ ಹ್ಯಾಂಡು, ಎರಡೇ ಸಲ ಬಳಸಿದ್ದು.